ಮೂವರು ಅಂಬಿಗರು

“‘ಡಾಕ್ಟರ್ ಹೇಳಿದ ಔಷಧಿಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಹನ್ನೊಂದು ಆಟ ಆಡಿದೆ, ಹನ್ನೊಂದನ್ನೂ ಸೋತೆ. ತಪ್ಪು ಖಂಡಿತ ನನ್ನ ಕೈಯದೇ...’”

ಅಲ್ಲಿಗೆ ಚಿಹಾರುವಿನ ಓದು ನಿಂತಿತು. ಎರಡು ಸಾವಿರದ ಇನ್ನೂರು ಜನ ತಮ್ಮ ತಮ್ಮ ಫೋನಿನಲ್ಲಿ ಅವಳ ಮುಖವನ್ನೇ ನೋಡುತ್ತಿದ್ದರು. ಕೆಳಗಿನ ಅಂಗಡಿಯಲ್ಲಿ ಅಮ್ಮನ ಇಸ್ತ್ರಿ ಯಂತ್ರ ಬುಸ್ ಎಂದು ಉಗಿ ಬಿಟ್ಟದ್ದು ಲೈವ್‌ನಲ್ಲಿ ಎಲ್ಲರಿಗೂ ಕೇಳಿಸಿತು.

ತೊಯಾಮಾ ಎಂಬ ಊರಿನ ಆ ಡ್ರೈಕ್ಲೀನಿಂಗ್ ಅಂಗಡಿಯ ಮಹಡಿಯ ಮೇಲೆ ಪ್ರತಿ ಶನಿವಾರ ಬೆಳಗ್ಗೆ ಹತ್ತಕ್ಕೆ ಚಿಹಾರುವಿನ ‘ಕಾರ್ಡ್ ದವಾಖಾನೆ’ ಬಾಗಿಲು ತೆರೆಯುತ್ತಿತ್ತು. ಫೋನಿನಲ್ಲಿ ಆಡುವ ‘ದೀಪಕೋಟೆ’ ಎಂಬ ಕಾರ್ಡಿನಾಟ. ಸೋತು ಸುಣ್ಣವಾದವರು ತಮ್ಮ ಮೂವತ್ತು ಕಾರ್ಡಿನ ಕಟ್ಟನ್ನು ಅವಳಿಗೆ ಕಳಿಸುತ್ತಿದ್ದರು. ಅವಳು ನೋಡಿ, ಹೆಚ್ಚೆಂದರೆ ಐದು ಕಾರ್ಡು ತೆಗೆದು ಬೇರೆ ಐದು ಹಾಕಿ, ಏಕೆಂದು ಹೇಳುತ್ತಿದ್ದಳು. ಮೈಮೇಲೆ ಬಿಳಿ ಕೋಟು. ಯಾವನೋ ದಂತವೈದ್ಯ ಆರು ವರ್ಷದ ಹಿಂದೆ ಒಗೆಯಲು ಕೊಟ್ಟು ಮರೆತದ್ದು ಅದು. ಕೋಟು ಹಾಕಿಕೊಂಡ ಮೇಲೆ ಡಾಕ್ಟರೆನ್ನದೆ ಜನ ಇನ್ನೇನೆಂದಾರು! ಅವಳಿಗೂ ಆ ಹೆಸರು ಚೆನ್ನಾಗಿಯೇ ಒಗ್ಗಿತ್ತು, ಸ್ವಲ್ಪ ತಲೆಗೂ ಏರಿತ್ತು.

ಪತ್ರ ಬರೆದ ಹಿರಾತ್ಸುಕಾ ಕಿನು ಎಪ್ಪತ್ಮೂರರ ಹೆಂಗಸು. ಮೂರು ವಾರದ ಹಿಂದೆ ತನ್ನ ಕಟ್ಟು ಕಳಿಸಿದಾಗ ಬೆಳ್ಳಿ ದರ್ಜೆಯ ತುದಿಯಲ್ಲಿ, ಚಿನ್ನದ ದರ್ಜೆಗೆ ಒಂದೇ ಒಂದು ಗೆಲುವಿನಷ್ಟು ದೂರದಲ್ಲಿದ್ದಳು. ಅವಳ ಕಟ್ಟಿನಲ್ಲಿ ‘ಮುದಿ ಅಂಬಿಗ’ ಎಂಬ ಕಾರ್ಡು ಮೂರು ಇದ್ದವು. ಅದನ್ನು ಯಾರೂ ಮೂಸುವುದಿಲ್ಲ. ಹೊಡೆಯುವುದಿಲ್ಲ, ತಡೆಯುವುದಿಲ್ಲ, ಆಡಿ ಮುಗಿದು ಪಕ್ಕದ ‘ದಡ’ದಲ್ಲಿ ಬಿದ್ದ ಮೂರು ಕಾರ್ಡನ್ನು ಎತ್ತಿ ಮತ್ತೆ ಕಟ್ಟಿನ ಅಡಿಗೆ ಸೇರಿಸುತ್ತದೆ, ಅಷ್ಟೆ. ಅದೇ ಕಟ್ಟಿನಲ್ಲಿ ಬೆಂಕಿಯುಗುಳುವ ಎರಡು ದೊಡ್ಡ ಡ್ರ್ಯಾಗನ್‌ಗಳೂ ಇದ್ದವು. ಡ್ರ್ಯಾಗನ್ ಇದ್ದ ಮೇಲೆ ಇದು ಹೊಡೆದಾಟದ ಕಟ್ಟು ಎಂದು ಚಿಹಾರು ತೀರ್ಮಾನಿಸಿದಳು. “ಈ ಮುದುಕರಿಗೆ ಪಿಂಚಣಿ ಕೊಟ್ಟು ಕಳಿಸೋಣ” ಎಂದು ಮೂವರನ್ನೂ ಕಿತ್ತು, ಮೂವರು ಬಿಲ್ಲುಗಾರರನ್ನು ತುಂಬಿದ್ದಳು. ಚಾಟ್ ತುಂಬ ನಗು. ಕಿನು ಮಾತ್ರ, “ಬಹಳ ಉಪಕಾರವಾಯಿತು, ಹಾಗೆಯೇ ಮಾಡುತ್ತೇನೆ” ಎಂದು ಬರೆದಿದ್ದಳು. ಆ ಊರಿನಲ್ಲಿ ಅಂಥ ಮಾತಿಗೆ ಹತ್ತು ಅರ್ಥ. ಹುಟ್ಟಿ ಬೆಳೆದ ಚಿಹಾರುವಿಗೂ ಅಂದು ಒಂದೇ ಹೊಳೆದಿತ್ತು.

‘ರೋಗಿ ಐಸಿಯುಗೆ ಹೋದ್ರಲ್ಲ ಡಾಕ್ಟ್ರೇ!’ ಎಂದು ಚಾಟಿನಲ್ಲಿ ಒಬ್ಬ ಆಗಲೇ ಕುಟುಕಿದ. ಅವಳು ಮುಂದೆ ಓದಿದಳು.

“‘ನಮ್ಮ ಬೀದಿಯ ಸಮುದಾಯ ಭವನದಲ್ಲಿ ಕಪ್ಪು ಬಿಳಿ ಕಾಯಿ ಹಿಡಿದು ಕೂರುವ ಗೋ ಆಟದ ಹಿರಿಯರದೇ ಕಾರುಬಾರು. ನಾವು ನಾಲ್ವರು ಹೆಂಗಸರು ಬಾಗಿಲ ಬಳಿ ಚಪ್ಪಲಿ ಬಿಡುವ ಬೆಂಚಿನ ಮೇಲೆ ಕೂತು ಆಡುತ್ತೇವೆ. ಈ ತಿಂಗಳು ನಾನು ಚಿನ್ನದ ದರ್ಜೆ ಮುಟ್ಟಿದರೆ ಗುರುವಾರ ಕಿಟಕಿ ಪಕ್ಕದ ಮೇಜು ಬಿಟ್ಟುಕೊಡುವುದಾಗಿ ಅವರ ಸಂಘದ ಅಧ್ಯಕ್ಷ ನೊಜುಯೆಯವರು ಎಲ್ಲರೆದುರು ನಗುತ್ತಾ ಹೇಳಿದ್ದಾರೆ. ಈಗ ಎರಡು ಗೆಲುವು ಬೇಕು. ಅದಕ್ಕಿಂತ ಕೆಳಗೆ ಬೀಳಲು ಆಟವೇ ಬಿಡುವುದಿಲ್ಲ, ಇಲ್ಲದಿದ್ದರೆ ಬಿದ್ದಿರುತ್ತಿದ್ದೆ. ಕಟ್ಟನ್ನು ಇನ್ನೊಮ್ಮೆ ನೋಡುವಿರಾ?’”

ಆ ತಿಂಗಳ ಲೆಕ್ಕ ಅಂದೇ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುವುದಿತ್ತು. ಗಡಿಯಾರ ಹತ್ತೂ ಇಪ್ಪತ್ತು ತೋರಿಸುತ್ತಿತ್ತು.

ಬಾರ್ಲಿ ಚಹಾ ತಂದ ಅಮ್ಮ ಫುಸಾಯೆ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಲೋಟ ಇಡುತ್ತಾ, “ಕಲೆ ಯಾವ್ದು, ಬಟ್ಟೆ ಮೇಲಿನ ಹೂವು ಯಾವ್ದು ಅಂತ ನೋಡ್ದೇನೇ ಉಜ್ಜಿದ್ಯೇನೇ?” ಎಂದಳು. ಪಿಸುಮಾತೆಂದು ಅವಳ ಲೆಕ್ಕ. ಮೈಕಿನ ಲೆಕ್ಕ ಬೇರೆ. ಚಾಟಿನಲ್ಲಿ ಚಪ್ಪಾಳೆಯ ಮಳೆ ಸುರಿಯಿತು.

ಚಿಹಾರುವಿಗೆ ಕಿವಿಯವರೆಗೆ ಕೆಂಪೇರಿತು. ನಾಚಿಕೆಯಾಗಿತ್ತು, ಸುಳ್ಳೇಕೆ. ಕಿನುವಿಗೆ ಕರೆ ಮಾಡಿ, ಅವಳ ಫೋನಿನ ಆಟವೂ ಲೈವ್‌ನಲ್ಲಿ ಕಾಣುವಂತೆ ಮಾಡಿಕೊಂಡು, ಮೊದಲು ತಲೆ ಬಾಗಿಸಿದಳು.

“ಕಿನು ಸಾನ್, ತಪ್ಪು ನಿಮ್ಮ ಕೈಯದಲ್ಲ, ನಂದು. ಕೇಳದೇನೇ ಕಿತ್ತುಬಿಟ್ಟೆ. ಈಗ ಕೇಳ್ತೀನಿ, ಹೇಳಿ. ಅಂಬಿಗನ ಮೇಲೆ ಯಾಕಷ್ಟು ಪ್ರೀತಿ? ನಿಮ್ಮ ಯಜಮಾನ್ರು ದೋಣಿ ನಡೆಸ್ತಿದ್ರಾ?”

“ಅಯ್ಯೋ, ಇಲ್ಲಮ್ಮ. ಅವರಿಗೆ ನೀರು ಕಂಡ್ರೇ ಆಗ್ತಿರ್ಲಿಲ್ಲ, ಸ್ನಾನಕ್ಕೂ ಅಟ್ಟಬೇಕಿತ್ತು. ಪ್ರೀತಿ ಗೀತಿ ಏನಿಲ್ಲ. ಆ ಕಾರ್ಡು ಕೆಲಸಕ್ಕೆ ಬರತ್ತೆ.”

“ಏನು ಕೆಲಸ?”

“ಕಾಯೋ ಕೆಲಸ. ನಾನು ಮೂವತ್ನಾಲ್ಕು ವರ್ಷ ತತೆಯಾಮಾ ಬೆಟ್ಟಕ್ಕೆ ಹೋಗೋ ಬಸ್ಸಲ್ಲಿ ಗೈಡ್ ಆಗಿದ್ದೆ. ಪ್ರತಿ ನಿಲ್ದಾಣದಲ್ಲೂ ತಲೆ ಎಣಿಸ್ಬೇಕು. ಒಂದು ತಲೆ ಕಮ್ಮಿ ಇದ್ರೂ ಬಸ್ಸು ಹೊರಡಂಗಿಲ್ಲ. ಈಗ್ಲೂ ಅದೇ ಚಟ. ಎದುರಿನವರು ಕಾರ್ಡು ಎಳೀತಿದ್ದಂಗೆ ಎಣಿಸ್ಕೋತೀನಿ. ಈಗಿನ ಮಕ್ಕಳಿಗೆ ಅವಸರ ನೋಡಿ, ಒಂದೊಂದು ಸರದಿಗೆ ಎರಡೆರಡು ಎಳೀತಾರೆ. ಅವರ ಕಟ್ಟು ಬೇಗ ಖಾಲಿ. ನನ್ನದಕ್ಕೆ ಅಂಬಿಗರು ತುಂಬಿಸ್ತಾನೇ ಇರ್ತಾರೆ.”

ಚಿಹಾರು ಬಾಯಿ ತೆರೆದವಳು ಮುಚ್ಚಲಿಲ್ಲ. ದೀಪಕೋಟೆಯಲ್ಲಿ ಎದುರಾಳಿಯ ಇಪ್ಪತ್ತು ಬತ್ತಿಯ ದೀಪ ಆರಿಸಿದವರು ಗೆದ್ದಂತೆ. ಇದು ಎಲ್ಲರಿಗೂ ಗೊತ್ತು. ತನ್ನ ಸರದಿಯಲ್ಲಿ ಎಳೆಯಲು ಕಾರ್ಡೇ ಇಲ್ಲದವನು ಸೋತಂತೆ ಎಂಬ ಇನ್ನೊಂದು ನಿಯಮವೂ ಇದೆ. ಆಟ ಅಷ್ಟು ದೂರ ಹೋಗುವುದನ್ನು ಅವಳು ಐದು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ.

“ಮತ್ತೆ ಆ ಡ್ರ್ಯಾಗನ್‌ಗಳು ಯಾಕೆ ಕಿನು ಸಾನ್? ಕಾಯೋ ಆಟಕ್ಕೆ ಅವುಗಳಿಂದ ಏನುಪಯೋಗ?”

“ಅದೂ... ಬರೀ ಕಾಯ್ತಾ ಕೂತ್ರೆ ಎದುರಿನವರಿಗೆ ಬೇಜಾರಾಗಲ್ವಾ? ಮನೆಗೆ ಬಂದೋರ ಮುಂದೆ ಏನೂ ಇಡದೇ ಇದ್ದಂಗೆ. ಅದಕ್ಕೆ ಮರ್ಯಾದೆಗೆ ಅಂತ ಎರಡು ಹಾಕಿದ್ದೆ.”

ಚಿಹಾರು ಮೇಜಿನ ಮೇಲೆ ಹಣೆಯಿಟ್ಟು ನಕ್ಕಳು. ಅಮ್ಮ ನಕ್ಕಳು. ಎರಡು ಸಾವಿರದ ಇನ್ನೂರು ಜನವೂ ನಕ್ಕಿರಬೇಕು. ಅವಳನ್ನು ದಾರಿ ತಪ್ಪಿಸಿದ್ದು ಉಪಚಾರಕ್ಕೆಂದು ಇಟ್ಟ ಆ ಎರಡು ಕಾರ್ಡು! ನಗು ಇಳಿದ ಮೇಲೆ ಅವಳ ಕಣ್ಣು ಬೇರೆಯಾಗಿತ್ತು. ಮೂವತ್ತು ಕಾರ್ಡನ್ನೂ ಪರದೆಯ ಮೇಲೆ ಹರಡಿದಳು. ಬಿಲ್ಲುಗಾರರು ಹೊರಗೆ, ಅಂಬಿಗರು ಒಳಗೆ. ಮೊದಲ ಸಲ ಈ ಕಟ್ಟು ಅವಳಿಗೆ ಇಡಿಯಾಗಿ ಕಾಣಿಸಿತು. ಒಂದೊಂದು ಕಾರ್ಡಿಗೂ “ಇದು ಯಾಕೆ?” ಎಂದು ಕೇಳಿದಳು, ಇಪ್ಪತ್ತೆಂಟಕ್ಕೂ ಕಿನುವಿನ ಬಳಿ ಉತ್ತರವಿತ್ತು.

“ಹಾಗಾದ್ರೆ ನನ್ನ ಕೆಲಸ ಎರಡೇ ಕಾರ್ಡಿನದು. ಮರ್ಯಾದೆ ಸಾಕು ಕಿನು ಸಾನ್, ಡ್ರ್ಯಾಗನ್ ತೆಗೀರಿ. ಅಲ್ಲಿಗೆ ‘ಮಂಜಿನ ಗೋಡೆ’ ಎರಡು ಹಾಕಿ. ಎದುರಿನವರ ಒಂದು ಸರದಿಯ ಹೊಡೆತ ಪೂರ್ತಿ ತಡೆಯತ್ತೆ. ಆಡಿದ ಗೋಡೇನ ನಿಮ್ಮ ಅಂಬಿಗ ಮತ್ತೆ ತಂದುಕೊಡ್ತಾನೆ.”

“ಓಹೋ,” ಎಂದಳು ಕಿನು. ಮುದುಕಿಯ ದನಿಯಲ್ಲಿ ಈಗ ಉಪಚಾರವಿರಲಿಲ್ಲ, ಆಸೆಯಿತ್ತು. “ಓಹೋಹೋ! ಡಾಕ್ಟ್ರೇ, ಇದು ನನಗೆ ಹೊಳೆದೇ ಇರಲಿಲ್ಲ.”

ಮೊದಲ ಆಟ ಹನ್ನೊಂದೂ ಕಾಲಿಗೆ ಮುಗಿಯಿತು. ಎದುರಾಳಿ ಬೇಸತ್ತು ಅರ್ಧಕ್ಕೇ ಸೋಲೊಪ್ಪಿ ಹೋದ. ಎರಡನೆಯ ಆಟಕ್ಕೆ ಸಿಕ್ಕವನು ‘ಕರಿಗಿಡುಗ’. ದಯೆ ದಾಕ್ಷಿಣ್ಯವಿಲ್ಲದ ಹೊಡೆತಗಾರ. ಕಿನುವಿನ ಬತ್ತಿಗಳು ಇಪ್ಪತ್ತರಿಂದ ಹನ್ನೆರಡಕ್ಕೆ, ಏಳಕ್ಕೆ, ಮೂರಕ್ಕೆ ಇಳಿದವು. ಅವಳು ಅಂಬಿಗನನ್ನು ಇಳಿಸಿದಳು, ಗೋಡೆ ಎಬ್ಬಿಸಿದಳು, ಮತ್ತೆ ಅಂಬಿಗ. ನೋಡುವವರ ಸಂಖ್ಯೆ ಐದು ಸಾವಿರ ದಾಟಿತು. ಕೆಳಗೆ ಇಸ್ತ್ರಿ ಯಂತ್ರದ ಸದ್ದು ನಿಂತು ಬಹಳ ಹೊತ್ತಾಗಿತ್ತು.

ಹನ್ನೊಂದೂ ಐವತ್ತೊಂದಕ್ಕೆ ಕಿನುವಿನ ಕೈಯಲ್ಲಿ ಎರಡೇ ಕಾರ್ಡು ಉಳಿದವು. ಆಡಲು ಒಂದಕ್ಕೆ ಮಾತ್ರ ಶಕ್ತಿ. ಒಂದು, ಮಂಜಿನ ಗೋಡೆ. ಇನ್ನೊಂದು, ಭರ್ಜಿಯ ಕಾವಲುಗಾರ. ಕರಿಗಿಡುಗನ ದೀಪದಲ್ಲೂ ನಾಲ್ಕೇ ಬತ್ತಿ. ಕಾವಲುಗಾರನ ಏಟು ಸರಿಯಾಗಿ ನಾಲ್ಕು. ಎದುರಿನವನ ಕೈಯಲ್ಲಿ ಗುರಾಣಿ ಇಲ್ಲದಿದ್ದರೆ ಆಟ ಅಲ್ಲಿಗೇ ಮುಗಿಯುತ್ತದೆ. ‘ಹೊಡೀರಿ ಅಜ್ಜಿ!’ ‘ಹೊಡೀರಿ!’ ಎಂದು ಚಾಟ್ ಕಿರುಚಿತು.

ಕರಿಗಿಡುಗನ ಕಟ್ಟಿನ ಚಿತ್ರ ಪರದೆಯ ಮೇಲೆ ತೆಳ್ಳಗಾಗಿತ್ತು, ಆದರೆ ಸಂಖ್ಯೆಯನ್ನು ಆಟ ತೋರಿಸುವುದಿಲ್ಲ. ಚಿಹಾರು ಬೆರಳು ಮಡಿಸಿ ಎಣಿಸಿದಳು: ಇನ್ನೆರಡು. ಎರಡಿದ್ದರೆ ಒಂದು ಗೋಡೆ ಸಾಲದು. ಅವನಿಗೆ ಎರಡು ಸರದಿ ಸಿಗುತ್ತವೆ, ಎರಡನೆಯದರಲ್ಲಿ ಈ ದೀಪ ಆರುತ್ತದೆ. ಹೊಡೆಯುವುದೊಂದೇ ದಾರಿ.

“ಬಸ್ಸಲ್ಲಿ ಒಬ್ಬನೇ ಉಳಿದಿದ್ದಾನೆ,” ಎಂದು ಕಿನು ತನ್ನಷ್ಟಕ್ಕೆ ಹೇಳಿಕೊಂಡಳು.

ಅಲ್ಲ, ಇಬ್ಬರು ಎನ್ನಲು ಚಿಹಾರುವಿನ ನಾಲಿಗೆ ತುದಿಗೆ ಬಂದಿತ್ತು. ಮೂರು ವಾರದ ಹಿಂದೆ ಮಾತಾಡಿ ಕೆಡಿಸಿದ್ದು ನೆನಪಾಯಿತು. ಬಿಳಿ ಕೋಟಿನ ತೋಳಿನಿಂದ ಬಾಯಿ ಮುಚ್ಚಿಕೊಂಡಳು.

ಕಿನು ಗೋಡೆ ಎಬ್ಬಿಸಿದಳು.

ಕರಿಗಿಡುಗ ಒಂದು ಕಾರ್ಡು ಎಳೆದ. ಇದ್ದಬದ್ದ ಬಲವನ್ನೆಲ್ಲ ಸುರಿದು ಹೊಡೆದ, ಮಂಜು ನುಂಗಿಕೊಂಡಿತು. ಕಿನುವಿಗೆ ಬಂದ ಹೊಸ ಕಾರ್ಡು ಅಂಬಿಗ. ಅವನನ್ನೇ ಇಳಿಸಿ ಸರದಿ ಬಿಟ್ಟುಕೊಟ್ಟಳು. ಗೋಡೆ ಕರಗಿತ್ತು, ಮೂರು ಬತ್ತಿ ಬಯಲಲ್ಲಿದ್ದವು. ಕರಿಗಿಡುಗನ ಸರದಿ ಬಂತು. ಎಳೆಯಲು ಏನೂ ಇರಲಿಲ್ಲ. ನಾಲ್ಕು ಬತ್ತಿ ಉರಿಯುತ್ತಿದ್ದ ಹಾಗೆಯೇ ಅವನ ಕೋಟೆ ಕತ್ತಲಾಯಿತು, ಕಿನುವಿನ ಪರದೆಯ ತುಂಬ ಚಿನ್ನದ ಬಣ್ಣ ಹರಡಿತು.

ಚಿಹಾರು ಕುರ್ಚಿ ಉರುಳಿಸಿಕೊಂಡು ಎದ್ದು ಕುಣಿದಳು. ಅಮ್ಮ ಕೈಯಲ್ಲಿದ್ದ ಹ್ಯಾಂಗರುಗಳನ್ನು ಬಾರಿಸತೊಡಗಿದಳು. ಗಡಿಯಾರದಲ್ಲಿ ಹನ್ನೆರಡಕ್ಕೆ ಇನ್ನೂ ಐದು ನಿಮಿಷವಿತ್ತು.

“ನಾನು ಎರಡು ಅಂತ ಎಣಿಸಿದ್ದೆ ಕಿನು ಸಾನ್!”

“ಎರಡನೆಯವನಾಗಿ ಆಡೋನು ಶುರುವಲ್ಲೇ ಒಂದು ಕಾರ್ಡು ಹೆಚ್ಚಿಗೆ ಎಳೀತಾನಲ್ಲ ಡಾಕ್ಟ್ರೇ? ಅದನ್ನ ನೀವು ಬಿಟ್ರಿ. ತಡವಾಗಿ ಬಂದು ಹಿಂದಿನ ಬಾಗಿಲಲ್ಲಿ ಹತ್ತಿದೋನು. ಎಲ್ಲ ಹೊಸ ಗೈಡ್‌ಗಳೂ ಅವನನ್ನೇ ಬಿಡೋದು.” ಆಮೇಲೆ ಆ ದನಿ ಒಡೆಯಿತು. “ಮೇಜು ಸಿಕ್ಕಿತು ಕಣಮ್ಮಾ. ಕಿಟಕಿ ಪಕ್ಕದ್ದು.” ಮುದುಕಿ ಅಳುತ್ತಿದ್ದಳು, ಅದನ್ನು ಮುಚ್ಚಿಡುವ ಉಪಚಾರವನ್ನೂ ಮಾಡಲಿಲ್ಲ.

ಮಧ್ಯಾಹ್ನ ಚಿಹಾರು ಕೋಟನ್ನು ಮಡಿಸಿಕೊಂಡು ಅಂಗಡಿಗೆ ಇಳಿದಳು. ಫುಸಾಯೆ ಅದನ್ನು ಒಗೆದು, ಗರಿಗರಿಯಾಗಿ ಇಸ್ತ್ರಿ ಮಾಡಿ, ಕಾಲರಿಗೆ ಹಚ್ಚುವ ಚೀಟಿ ಹಿಡಿದು ಕೇಳಿದಳು.

“ಯಾರ ಹೆಸರು ಬರೀಲೇ?”

“ಹಿರಾತ್ಸುಕಾ. ಮುಂದೆ ಡಾಕ್ಟರ್ ಅಂತ ಸೇರಿಸು.”

ಗುರುವಾರ ಸಂಜೆ ಕಿನುವಿನಿಂದ ಒಂದು ಫೋಟೋ ಬಂತು, ಜೊತೆಗೆ ಮಾತೇನೂ ಇರಲಿಲ್ಲ. ಕಿಟಕಿ ಪಕ್ಕದ ಮೇಜು, ಬಿಸಿಲು, ನಾಲ್ಕು ಲೋಟ ಚಹಾ. ಮೂವರು ಹೆಂಗಸರು ಒಂದೇ ಫೋನಿನ ಮೇಲೆ ಬಗ್ಗಿದ್ದರು. ಕಿನು ಬಿಳಿ ಕೋಟಿನ ಉದ್ದ ತೋಳನ್ನು ಎರಡು ಸಲ ಮಡಿಚಿದ್ದಳು. ಕಾಲರಿನ ಚೀಟಿಯನ್ನು ಕಿತ್ತಿರಲಿಲ್ಲ. ಅವಳೆದುರು ಒಬ್ಬ ಮುದುಕ, ಎದೆಯ ಮೇಲೆ ಗೋ ಸಂಘದ ಬಿಲ್ಲೆ, ಫೋನನ್ನು ಕೈ ನೀಳುವಷ್ಟು ದೂರ ಹಿಡಿದು, ಕನ್ನಡಕವನ್ನು ಹಣೆಗೇರಿಸಿ, ತುಟಿ ಅಲ್ಲಾಡಿಸುತ್ತಾ ಒಂದೊಂದೇ ಬೆರಳು ಮಡಿಸುತ್ತಿದ್ದ.