ಬಾವಿಗೆ ಕಟ್ಟೆ, ಕಾವೇರಿಗೆ ಉಡಿ

ಧಾರವಾಡದಲ್ಲಿ ಏಪ್ರಿಲ್ ಬಂತೆಂದರೆ ನಾಲ್ಕು ಚಾಪೆ, ಒಂದು ಹಾರ್ಮೋನಿಯಂ ಇದ್ದವರೆಲ್ಲ ಮಕ್ಕಳ ಶಿಬಿರ ತೆರೆಯುತ್ತಿದ್ದ ಕಾಲ ಅದು. ಹಾಡು, ಮಲ್ಲಗಂಬ, ಈಜು ಎಲ್ಲ ಕಲಿಸುತ್ತೇವೆಂದು ಗೋಡೆಗೋಡೆಗೆ ಕಾಗದ ಅಂಟಿಸುತ್ತಿದ್ದರು. ರಜೆಯಲ್ಲಿ ಮಕ್ಕಳ ಕಾಟ ತಪ್ಪಿದರೆ ಸಾಕೆಂದು ತಂದೆತಾಯಿಗಳು ಹಿಂದೆಮುಂದೆ ನೋಡದೆ ಕಳಿಸುತ್ತಿದ್ದರು. ಎರಡು ಸಾವಿರದ ಎರಡರಲ್ಲಿ ಒಂದು ಶಿಬಿರದ ಮಕ್ಕಳೆಲ್ಲ ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದರು, ಪತ್ರಿಕೆಯವರು ಗದ್ದಲ ಎಬ್ಬಿಸಿದರು. ಮೇಲಿನವರಿಗೆ ಆಗ ಎಚ್ಚರವಾಯಿತು. ಮುಂದಿನ ವರ್ಷದಿಂದ ಶಿಬಿರ ನಡೆಸಲು ಪರವಾನಗಿ ಬೇಕೆಂದರು. ಕುಡಿಯುವ ನೀರಿನ ಪರೀಕ್ಷೆ ಆಗಿರಬೇಕು, ಅಡುಗೆಯವರನ್ನು ವೈದ್ಯರು ನೋಡಿರಬೇಕು, ಬೆಂಕಿ ಆರಿಸಲು ಮರಳಿನ ಬಕೆಟ್ಟುಗಳಿರಬೇಕು, ಹೆಣ್ಣುಮಕ್ಕಳ ಕೋಣೆಗೆ ಒಳಚಿಲಕ ಇರಬೇಕು. ಜಾಗದಲ್ಲಿ ಬಾವಿಯಿದ್ದರೆ ಸುತ್ತ ಎದೆಮಟ್ಟದ ಕಟ್ಟೆ, ಕೀಲಿ ಹಾಕುವ ಗೇಟು, ಈಜು ಬಲ್ಲ ಕಾವಲುಗಾರ. ಇದನ್ನೆಲ್ಲ ಕಣ್ಣಾರೆ ನೋಡಿ ಸಹಿ ಹಾಕುವ ಕೆಲಸ ಸರಕಾರಿ ಕಚೇರಿಯ ಕಾವೇರಿಯ ಪಾಲಿಗೆ ಬಂತು.

ತೊಂದರೆ ಏನೆಂದರೆ, ಅವಳು ನಿಜವಾಗಿಯೂ ನೋಡುತ್ತಿದ್ದಳು. ಚಹಾ ಕುಡಿದು ಸಹಿ ಹಾಕಿ ಬರುವ ಕಚೇರಿಯಲ್ಲಿ ಇಂಥವಳೊಬ್ಬಳು ಇದ್ದರೆ ಎಲ್ಲರಿಗೂ ತಲೆನೋವು. ಒಂದು ಶಿಬಿರದ ಬಕೆಟ್ಟುಗಳನ್ನು ತಿರುಗಿಸಿ ನೋಡಿದಾಗ ಹಿಂಬದಿಯಲ್ಲಿ ಟಾಕೀಸೊಂದರ ಹೆಸರಿತ್ತು. ಆವತ್ತು ಆ ಟಾಕೀಸಿನಲ್ಲಿ ಬೆಂಕಿ ಬಿದ್ದರೆ ಏನು ಮಾಡುತ್ತೀರಿ ಎಂದು ಕೇಳಿ, ಪರವಾನಗಿ ಕೊಡದೆ ಎದ್ದು ಬಂದಿದ್ದಳು. 'ಕಲ್ಲಿನಂಥಾಕಿ' ಎಂದು ಹೆಸರಾಯಿತು. ಆ ಹೆಸರು ಅವಳಿಗೆ ಹಿಡಿಸಿತ್ತು. ಅನುಕಂಪದ ನೌಕರಿಯವಳು ಅನ್ನಿಸಿಕೊಳ್ಳುವುದಕ್ಕಿಂತ ಅದು ಎಷ್ಟೋ ವಾಸಿ.

ನೌಕರಿ ಗಂಡ ದುರ್ಗೇಶನದು. ಗಬ್ಬೂರ ಬೈಪಾಸಿನಲ್ಲಿ ಲಾರಿಯೊಂದು ಅವನ ಸ್ಕೂಟರಿನ ಮೇಲೆ ಹಾಯ್ದುಹೋದ ಮೇಲೆ ಸರಕಾರ ಅವನ ಕುರ್ಚಿಯನ್ನು ಅವಳಿಗೆ ಕೊಟ್ಟಿತು. ಬಳಗದವರು ಅವಳ ಕುರ್ಚಿಯನ್ನು ಕಸಿದುಕೊಂಡರು. ಮದುವೆಗೆ ಹೋದರೆ ಅಡುಗೆಮನೆಯಲ್ಲಿ ಕೂಡಬೇಕು. ಕೂಸಿನ ತೊಟ್ಟಿಲ ಹತ್ತಿರ ಸುಳಿಯಬಾರದು. ಹೆಂಗಸರ ಸಾಲಿನಲ್ಲಿ ಮುತ್ತೈದೆಯರ ಮಡಿಲಿಗೆ ಉಡಿ ತುಂಬುತ್ತಾ ಬಂದರೆ, ಅಕ್ಕಿ, ಕೊಬ್ಬರಿಬಟ್ಟಲು, ಕುಪ್ಪಸದ ಖಣ ಇಟ್ಟ ತಟ್ಟೆ ಅವಳ ಮುಂದೆ ಬಂದಾಗ ಮೆಲ್ಲಗೆ ಪಕ್ಕಕ್ಕೆ ಸರಿಯುತ್ತಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ, ಅವಳ ಮುಖವನ್ನು ನೋಡದೆ ಮುಂದಿನವಳ ಸೆರಗಿಗೆ ಸುರಿಯುತ್ತಿದ್ದರು. ಹೊಡೆದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೋ ಏನೋ. ಆ ತಟ್ಟೆ ಸರಿಯುವುದನ್ನು ಮಾತ್ರ ಅವಳಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಉಪ್ಪಿನಬೆಟಗೇರಿಯ ಹಾದಿಯಲ್ಲಿ ದ್ಯಾಮಣ್ಣನ ತೋಟ. ದ್ಯಾಮಣ್ಣ ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರ ಮಾಡುವವನು, ಮುಂದೆ ಚುನಾವಣೆಗೆ ನಿಲ್ಲುವ ಹಂಬಲದವನು. ನಾಲ್ಕು ಮಂದಿಯ ಬಾಯಲ್ಲಿ ಹೆಸರು ಓಡಾಡಲೆಂದು ಶಿಬಿರ ಮಾಡಹೊರಟಿದ್ದ. ತೋಟದಲ್ಲಿ ಎಲ್ಲ ಚೆನ್ನಾಗಿತ್ತು. ಬಕೆಟ್ಟುಗಳು ಹೊಸವು, ಚಿಲಕಗಳು ಗಟ್ಟಿ. ಹಿಂದುಗಡೆ ಬಯಲಿನ ಅಂಚಿಗೆ ಬಾವಿ. ಕಟ್ಟೆಯಿಲ್ಲ, ಏನಿಲ್ಲ. ನೆಲ ಮುಗಿದಲ್ಲಿ ನೀರು ಶುರು, ಅದೂ ಎರಡಾಳು ಕೆಳಗೆ.

"ನಮ್ಮಪ್ಪನ ಕಾಲದ ಬಾವಿರಿ ಇದು. ಇದರಾಗ ಜಿಗದಽ ನಾವೆಲ್ಲಾ ಈಸ ಕಲತೇವಿ. ಒಬ್ಬರೂ ಸತ್ತಿಲ್ಲ," ಎಂದ ದ್ಯಾಮಣ್ಣ.

"ನೀವು ನಿಮ್ಮಪ್ಪನ ಮಕ್ಕಳ್ರಿ. ಇವು ಮಂದಿ ಮಕ್ಕಳು," ಎಂದಳು ಕಾವೇರಿ. "ಕಟ್ಟಿ ಕಟ್ಟಸ್ರಿ, ಗೇಟ್ ಹಾಕಸ್ರಿ. ಆಮ್ಯಾಲೆ ಸಹಿ."

ಕಟ್ಟೆ ಕಟ್ಟಿಸಿದರೆ ಮಕ್ಕಳು ಬರುವ ದಿನ ಮೀರಿಹೋಗುತ್ತದೆ, ದೊಡ್ಡವರೊಬ್ಬರು ಉದ್ಘಾಟನೆಗೆ ಒಪ್ಪಿದ್ದಾರೆ ಎಂದು ದ್ಯಾಮಣ್ಣ ಗೋಗರೆದ, ಆಮೇಲೆ ಗದರಿದ. ಕಾವೇರಿ ಬ್ಯಾಗಿನ ಬಾಯಿ ಮುಚ್ಚಿ ಹೊರಡಲು ತಿರುಗಿದಳು. ಆಗ ಬಂದಳು ದ್ಯಾಮಣ್ಣನ ಹೆಂಡತಿ ರತ್ನವ್ವ. ತುಂಬು ಕೈ ಬಳೆ, ಹಣೆಯಲ್ಲಿ ಕಾಸಿನಗಲ ಕುಂಕುಮ, ಅದರ ಮೇಲೆ ವಿಭೂತಿ.

"ಸಹಿ ಮಾಡಬ್ಯಾಡ್ರಿ ಬೇಕಾದ್ರ. ಬಿಸಲಾಗ ಬಂದೀರಿ, ಒಂದ್ ತುತ್ತು ಉಂಡಾರ ಹೋಗ್ರಿ," ಎಂದಳು.

ಊಟಕ್ಕೆ ಇಲ್ಲ ಅನ್ನುವುದು ಆ ಸೀಮೆಯಲ್ಲಿ ಮುಖಕ್ಕೆ ಹೊಡೆದಂತೆ. ಕಾವೇರಿ ಉಂಡಳು. ರತ್ನವ್ವ ಪಕ್ಕದಲ್ಲೇ ಕೂತು ಬಡಿಸಿದಳು. ಬಾವಿಯ ಮಾತೇ ತೆಗೆಯಲಿಲ್ಲ. ತವರು ಯಾವುದು, ತಾಯಿ ಇದ್ದಾಳೋ ಇಲ್ಲವೋ, ಮಾಳಮಡ್ಡಿಯ ಬಾಡಿಗೆ ಮನೆಯಲ್ಲಿ ನೀರು ಬರುತ್ತದೆಯೋ, ಇಂಥವನ್ನೇ ಕೇಳಿದಳು. ಕಾವೇರಿ ಕೈ ತೊಳೆದು ಬರುವಷ್ಟರಲ್ಲಿ ನಡುಮನೆಯಲ್ಲಿ ಮಣೆ ಹಾಕಿತ್ತು. ಮಣೆಯ ಮುಂದೆ ತಟ್ಟೆ, ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ, ಅರಿಷಿಣದ ಬೇರು, ಹಸಿರು ಖಣ.

ಕಾವೇರಿ ಬಾಗಿಲಲ್ಲೇ ನಿಂತಳು. "ಅಕ್ಕಾರ, ನನಗ ತುಂಬಬಾರದ್ರಿ. ನಮ್ಮ ಮನಿಯವರು ಇಲ್ಲ."

"ಗೊತ್ತೈತಿ ತಂಗಿ. ನಿಮ್ಮ ಆಫೀಸಿನ್ಯಾಗ ಕೇಳೇನಿ," ಎಂದಳು ರತ್ನವ್ವ. "ನಾವು ಶರಣರ ದಾರಿ ಹಿಡದವರು. ಗಂಡ ಹೋದಾಕಿ ಅಪಶಕುನ ಅನ್ನೂದು ನಮ್ಮ ಮನ್ಯಾಗಿಲ್ಲ. ತಂಗಿ ಬರೇ ಉಡೀಲೆ ಹೋದ್ರ ಮನಿಗೆ ಛಲೋ ಅಲ್ಲ. ಬಾ, ಕೂಡ."

ಕಲ್ಲಿನಂಥವಳು ಮಣೆಯ ಮೇಲೆ ಕೂತಳು. ರತ್ನವ್ವ ಹಣೆಗೆ ಕುಂಕುಮ ಹಚ್ಚಿದಳು. ಕಾವೇರಿ ಸೆರಗು ಒಡ್ಡಿದಳು. ಅಕ್ಕಿ ಸೆರಗಿಗೆ ಬಿದ್ದ ಭಾರಕ್ಕೆ ಅವಳಿಗೆ ಅಳು ಬಂತು. ಎಂಥ ಅಳು ಎಂದರೆ, ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ರತ್ನವ್ವ ತನ್ನ ಸೆರಗಿನಿಂದ ಅವಳ ಕಣ್ಣೊರೆಸಿ, ಉಡಿಯ ಮೇಲೆ ಕೈಯಿಟ್ಟಳು.

"ಉಡಿ ಮುಟ್ಟಿ ಹೇಳತೇನಿ. ಹುಡುಗೂರು ಬರೂದ್ರೊಳಗ ಬಾವಿಗೆ ಕಟ್ಟಿ ಆಗಿರತೈತಿ, ಗೇಟೂ ಆಗಿರತೈತಿ. ಉಡಿ ತುಂಬಿದ ಕೈಲೆ ಸುಳ್ಳ ಹೇಳಿದ್ರ ನನ್ನ ಮುತ್ತೈದಿತನ ಉಳೀತೈತೇನು?"

ಕಾವೇರಿ ಅಲ್ಲೇ, ಮಣೆಯ ಮೇಲೆಯೇ, ಬಾವಿಗೆ ಕಟ್ಟೆಯಿದೆಯೆಂದು ಬರೆದು ಸಹಿ ಹಾಕಿದಳು. ಯಾರಾದರೂ ಕಾಣಿಕೆ ಕೊಡಬಂದಿದ್ದರೆ ಬೀದಿಗೆ ಎಸೆಯುತ್ತಿದ್ದವಳು. ಗೇಟಿನ ತನಕ ರತ್ನವ್ವ ಬಂದಳು.

"ಹೋಗ ತಂಗಿ. ಹಿಂದ ಹೊಳ್ಳಿ ನೋಡಬ್ಯಾಡ, ಸೀದಾ ಮನಿಗೆ ಹೋಗ," ಎಂದು ಬೆನ್ನು ಸವರಿ ಕಳಿಸಿದಳು. ತುಂಬಿದ ಉಡಿ ಹೊತ್ತವಳು ಹಾಗೆಯೇ ಹೋಗಬೇಕು. ಕಾವೇರಿ ಹಾಗೆಯೇ ಹೋದಳು.

ಮನೆಯಲ್ಲಿ ಅತ್ತೆ ಹುಲಿಗೆವ್ವ ಹೊಸ್ತಿಲಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಸೊಸೆಯ ಹಣೆ ನೋಡಿದಳು, ಸೆರಗು ನೋಡಿದಳು.

"ಯಾರು ತುಂಬಿದ್ರು? ನನ್ನ ಮಗ ಸತ್ತದ್ದು ಅವರಿಗೆ ಗೊತ್ತಿಲ್ಲೇನು?"

"ಗೊತ್ತಿದ್ದಽ ತುಂಬಿದ್ರು."

"ಹಂಗಾರ ಅವರಿಗೆ ನಿನ್ನಿಂದ ಏನೋ ಆಗಬೇಕಾಗೇತಿ," ಎಂದಳು ಮುದುಕಿ, ಬೀಜ ಕೀಳುವುದನ್ನು ನಿಲ್ಲಿಸದೆ.

ಕಾವೇರಿ ಆವತ್ತು ಅತ್ತೆಯೊಂದಿಗೆ ಮಾತು ಬಿಟ್ಟಳು. ಉಡಿಯ ಅಕ್ಕಿಯನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ ಒಬ್ಬಳೇ ಉಂಡಳು. ಖಣವನ್ನು ಮಡಚಿ ದಿಂಬಿನ ಕೆಳಗಿಟ್ಟುಕೊಂಡಳು. ಎಷ್ಟು ಸಣ್ಣ ಸಂತೋಷ ನೋಡಿ. ಅದಕ್ಕೂ ಬೆಲೆ ತೆರಬೇಕಾಗಿ ಬಂತು, ತೆತ್ತವಳು ಮಾತ್ರ ಬೇರೊಬ್ಬಳು.

ಮಕ್ಕಳು ಬರುವ ಹಿಂದಿನ ದಿನ ಮತ್ತೊಮ್ಮೆ ಹೋಗಿ ನೋಡಬೇಕೆಂಬ ನಿಯಮವೂ ಇತ್ತು. ಕಾವೇರಿ ಬಸ್ ನಿಲ್ದಾಣದವರೆಗೆ ಹೋದಳು. ಉಪ್ಪಿನಬೆಟಗೇರಿಯ ಬಸ್ಸು ನಿಂತಿತ್ತು, ಕಂಡಕ್ಟರು ಕೂಗುತ್ತಿದ್ದ. ಉಡಿ ಮುಟ್ಟಿ ಮಾತು ಕೊಟ್ಟವಳ ಮನೆಗೆ ಹೋಗಿ, ಮಾತು ಉಳಿಸಿಕೊಂಡೆಯಾ ಎಂದು ಬಾವಿ ಇಣುಕುವುದೇ? ತನ್ನನ್ನು ಮಣೆಯ ಮೇಲೆ ಕೂಡಿಸಿದ ಒಬ್ಬಳೇ ಒಬ್ಬಳ ಮೇಲೆ ಸಂಶಯ ಪಡುವುದೇ? ಬಸ್ಸು ಹೋಯಿತು. ಕಾವೇರಿ ಕಚೇರಿಗೆ ಹಿಂತಿರುಗಿದಳು.

ಶಿಬಿರ ಶುರುವಾಗಿ ವಾರವೂ ಆಗಿರಲಿಲ್ಲ. ಸಂಜೆ ಬಾವಿಯ ಪಕ್ಕದ ಬಯಲಿನಲ್ಲಿ ಹುಡುಗಿಯರು ಶಟಲ್ ಆಡುತ್ತಿದ್ದರು. ಹುಬ್ಬಳ್ಳಿಯ ಕಿರಾಣಿ ಅಂಗಡಿಯವರ ಮಗಳು ಸೌಂದರ್ಯಾ, ಏಳನೆಯ ಇಯತ್ತೆ ಮುಗಿಸಿದವಳು, ಎತ್ತರಕ್ಕೆ ಹೋದ ಶಟಲ್ಲಿನ ಮೇಲೆ ಕಣ್ಣಿಟ್ಟು ಹಿಂದಕ್ಕೆ ಹಿಂದಕ್ಕೆ ಸರಿದಳು. ಕಟ್ಟೆಯ ಬದಲು ಅಲ್ಲಿ ನಾಲ್ಕು ಗೂಟ ನೆಟ್ಟು, ಹತ್ತಿಯ ಮೂಟೆ ಕಟ್ಟುವ ಹಗ್ಗ ಸುತ್ತಿದ್ದರು. ಹಗ್ಗ ಮೊಣಕಾಲಿನ ಹಿಂಬದಿಗೆ ತಾಗಿ ಹುಡುಗಿ ಅಂಗಾತ ಒಳಗೆ ಬಿದ್ದಳು. ಈಜು ಬಲ್ಲ ಕಾವಲುಗಾರನನ್ನು ಮೊಸರು ತರಲು ಧಾರವಾಡಕ್ಕೆ ಕಳಿಸಿದ್ದರು. ಹುಡುಗಿಯನ್ನು ಮೇಲೆತ್ತುವಷ್ಟರಲ್ಲಿ ಜೀವ ಹೋಗಿತ್ತು. ಶಟಲ್ಲು ಮಾತ್ರ ಬಯಲಿನಲ್ಲೇ ಬಿದ್ದಿತ್ತು.

ವಿಚಾರಣೆಗೆ ಬಂದ ಮೇಲಧಿಕಾರಿ ಯಜ್ಞೇಶ್ವರ ಕೆಟ್ಟವನಲ್ಲ, ನಿವೃತ್ತಿಗೆ ಹತ್ತಿರವಾದವನು. ಅವನ ಮೇಜಿನ ಒಂದು ಬದಿಗೆ ಕಾವೇರಿ, ಇನ್ನೊಂದು ಬದಿಗೆ ಗಂಡಹೆಂಡತಿ. ಗೋಡೆಗುಂಟ ಕಚೇರಿಯವರು ನಿಂತಿದ್ದರು.

"ಮೇಡಂನಾರು ಬಾವಿ ಕಡೆ ಬರಲೇ ಇಲ್ರಿ," ಎಂದ ದ್ಯಾಮಣ್ಣ. "ಉಂಡ್ರು, ಸಹಿ ಮಾಡಿದ್ರು, ಹೋದ್ರು. ಕಟ್ಟಿ ಬೇಕಂತ ಒಂದ್ ಮಾತು ಅಂದಿದ್ರ ನಾವು ಕಟ್ಟಸತಿದ್ದಿಲ್ಲೇನ್ರಿ?"

ಕಾವೇರಿ ನಡೆದದ್ದನ್ನು ನಡೆದಂತೆ ಹೇಳಿದಳು. ಬಾವಿ ನೋಡಿದ್ದು, ಸಹಿ ಇಲ್ಲವೆಂದದ್ದು, ಮಣೆ, ಉಡಿ, ಉಡಿ ಮುಟ್ಟಿ ಕೊಟ್ಟ ಮಾತು. ತಂದಿದ್ದ ಖಣವನ್ನು ಮೇಜಿನ ಮೇಲಿಟ್ಟಳು. ಯಜ್ಞೇಶ್ವರ ರತ್ನವ್ವನ ಕಡೆ ನೋಡಿದ.

ರತ್ನವ್ವ ಗಡಿಬಿಡಿ ಮಾಡಲಿಲ್ಲ. ಸೆರಗು ಸರಿಮಾಡಿಕೊಂಡಳು.

"ಸಾಹೇಬ್ರ, ಇಂಥಾ ಖಣ ದುರ್ಗದಬೈಲಿನ್ಯಾಗ ಯಾವ ಅಂಗಡ್ಯಾಗ ಕೇಳಿದ್ರೂ ಸಿಗತಾವ. ನಾ ಮುತ್ತೈದಿ. ಮಕ್ಕಳು ಮರಿ ಇದ್ದಾಕಿ. ಗಂಡ ಸತ್ತಾಕೀನ ಮಣಿ ಮ್ಯಾಲೆ ಕುಂದರಿಸಿ ನಾ ಉಡಿ ತುಂಬತೇನೇನ್ರಿ? ನೀವಽ ಹೇಳ್ರಿ, ನಿಮ್ಮ ಮನ್ಯಾಗ ತುಂಬತಾರೇನು?"

ಯಜ್ಞೇಶ್ವರ ತಲೆ ತಗ್ಗಿಸಿದ. ಗೋಡೆಗುಂಟ ನಿಂತವರಲ್ಲಿ ಒಬ್ಬ ಹೆಂಗಸು ಮೂಗಿನಲ್ಲೇ ನಕ್ಕಳು. ಬೇರೆ ಯಾವ ಸುಳ್ಳನ್ನಾದರೂ ಅಲ್ಲಿದ್ದವರು ಅಳೆದು ತೂಗಿ ನೋಡುತ್ತಿದ್ದರೇನೋ. ಇದನ್ನು ತೂಗುವ ಗೊಡವೆಯೇ ಇರಲಿಲ್ಲ, ಅವರ ಪೈಕಿ ಯಾರೂ ವಿಧವೆಗೆ ಉಡಿ ತುಂಬಿದವರಲ್ಲ. ಮಗನ ಹೆಸರು ಇಂಥದ್ದರಲ್ಲಿ ಬರಬಾರದೆಂದು ಹುಲಿಗೆವ್ವ ಸಾಕ್ಷಿ ಹೇಳಲು ಒಪ್ಪಿರಲಿಲ್ಲ. ಉಡಿಯ ಅಕ್ಕಿಯನ್ನಂತೂ ಕಾವೇರಿ ಉಂಡುಬಿಟ್ಟಿದ್ದಳು.

ಎಲ್ಲರೂ ಎದ್ದ ಮೇಲೆ ಯಜ್ಞೇಶ್ವರ ಅವಳನ್ನು ಹಿಂದೆ ನಿಲ್ಲಿಸಿಕೊಂಡ.

"ಬಾವಿ ನೋಡಿಲ್ಲ ಅಂತ ಬರದು ಕೊಡವ್ವಾ. ನಿರ್ಲಕ್ಷ್ಯ ಅಂತಾರ, ಎಲ್ಲ್ಯಾರ ದೂರ ಬದಲಿ ಮಾಡತಾರ, ಅಷ್ಟಽ. ನೋಡಿನೂ ಸಹಿ ಮಾಡೇನಿ ಅಂದ್ರ ನೌಕರಿ ಉಳಿಯಂಗಿಲ್ಲ. ಮುದುಕೀನ ಹೆಂಗ ಸಾಕತಿ?"

ನಾಳೆ ಹೇಳುತ್ತೇನೆಂದು ಕಾವೇರಿ ಖಣ ಎತ್ತಿಕೊಂಡು ಹೊರಬಂದಳು. ವರಾಂಡದ ತಿರುವಿನಲ್ಲಿ ರತ್ನವ್ವ ಒಬ್ಬಳೇ ನಿಂತಿದ್ದಳು, ಗಂಡ ಕಾರು ತರಲು ಹೋಗಿದ್ದ.

"ಯಾಕ ಅಕ್ಕಾರ? ನಿಮಗ ನಾ ಏನು ಮಾಡಿದ್ನಿ?"

ಅತ್ತ ಇತ್ತ ನೋಡಿ ರತ್ನವ್ವ ದನಿ ತಗ್ಗಿಸಿದಳು. "ಸಿಟ್ಟಿಲ್ಲ ತಂಗಿ ನಿನ್ನ ಮ್ಯಾಲೆ. ನಮ್ಮ ಮನಿ ಉಳೀಬೇಕಲ್ಲ. ಬ್ಯಾರೆ ಯಾವ ಮುತ್ತೈದಿ ಬಂದಿದ್ರೂ ಉಡೀನೂ ತುಂಬಿಸಿಕೊಂಡು ಕಟ್ಟೀನೂ ಕೇಳತಿದ್ಲು. ನೀ ಕೇಳಂಗಿಲ್ಲ ಅಂತ ಗೊತ್ತಿತ್ತು ನನಗ."

ಇಷ್ಟು ಹೇಳಿ ಅವಳು ಮೆಟ್ಟಿಲ ಬಳಿಯ ಬೆಂಚಿನ ಕಡೆ ನಡೆದಳು. ಅಲ್ಲಿ ಸೌಂದರ್ಯಾಳ ತಾಯಿ ಮಾಳವ್ವ ಕೂತಿದ್ದಳು, ಒಳಗೆ ಏನಾಯಿತೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ರತ್ನವ್ವ ಪಕ್ಕದಲ್ಲಿ ಕೂತು ಅವಳ ಹೆಗಲ ಮೇಲೆ ಕೈ ಹಾಕಿದಳು, ತನ್ನ ಸೆರಗಿನಿಂದ ಅವಳ ಕಣ್ಣೊರೆಸಿದಳು. ಕಾವೇರಿ ಕೆಳಗಿಳಿಯಬೇಕಾದರೆ ಆ ಬೆಂಚಿನ ಮುಂದೆಯೇ ಹಾಯಬೇಕಿತ್ತು.

ಮಾಳವ್ವ ತಲೆಯೆತ್ತಿದಳು. "ಸಹಿ ಮಾಡಿದಾಕಿ ನೀನಽ ಹೌದಲ್ಲ? ಒಂದ್ ಮಾತು ಹೇಳ. ಬಾವಿ ನೋಡಿದ್ಯೋ ಇಲ್ಲೋ?"

ಇಲ್ಲ ಅಂದರೆ ನೌಕರಿ ಉಳಿಯುತ್ತಿತ್ತು. ಇಲ್ಲ ಅಂದಿದ್ದರೆ ಆ ತಾಯಿಗೂ ಒಂದಿಷ್ಟು ಹಗುರವಾಗುತ್ತಿತ್ತೋ ಏನೋ. ಆದರೆ ಆ ಕಟ್ಟಡದಲ್ಲಿ ಅಂದು ಕಾವೇರಿಯನ್ನು ಕೇಳಿದ ನಿಜವಾದ ಪ್ರಶ್ನೆ ಇದೊಂದೇ ಆಗಿತ್ತು.

"ನೋಡಿದ್ನೆವ್ವಾ."

"ನೋಡಿನೂ ಸಹಿ ಮಾಡಿದ್ಯಾ?"

ಮಡಚಿದ ಖಣ ಕಾವೇರಿಯ ಕೈಯಲ್ಲೇ ಇತ್ತು. ಮಾಳವ್ವ ಅವಳನ್ನೇ ನೋಡಿದಳು. ಆಮೇಲೆ ಮುಖ ಹೊರಳಿಸಿ ರತ್ನವ್ವನ ಎದೆಗೆ ತಲೆಯಿಟ್ಟಳು.

"ಈಕೀನ ಕಳಸ್ರಿ ಅಕ್ಕಾರ ಇಲ್ಲಿಂದ. ಈಕಿ ಮಾರಿ ನೋಡಾಕ ಆಗವಲ್ದು ನನಗ."

ರತ್ನವ್ವ ಮಾಳವ್ವನ ತಲೆ ಸವರುತ್ತಾ ಕಾವೇರಿಯ ಕಡೆ ನೋಡಿದಳು. ಅವಳ ದನಿ ತೋಟದ ಗೇಟಿನಲ್ಲಿ ಇದ್ದಷ್ಟೇ ಮೆತ್ತಗಿತ್ತು.

"ಹೋಗ ತಂಗಿ. ಹಿಂದ ಹೊಳ್ಳಿ ನೋಡಬ್ಯಾಡ, ಸೀದಾ ಮನಿಗೆ ಹೋಗ."