ಬಾಚಿದ ಮರಳು

"ಆ ಒಂದು ಫೋಟೋ ತೋರಿಸ್ಬೇಡ ಕಣೆ. ಎಂಬತ್ತರ ಹತ್ತಿರದ ಜೀವ," ಎಂದು ಸುಬ್ರಹ್ಮಣ್ಯ ಹೆಂಡತಿಯನ್ನು ಬಾಗಿಲಲ್ಲೇ ತಡೆದ.

"ತೋರಿಸ್ದೆ ದಿನಾ ಅವರ ಮುಖ ಹೇಗ್ರೀ ನೋಡ್ಲಿ?" ಎಂದು ಅಹಲ್ಯಾ ಪಕ್ಕದ ಮನೆಗೆ ನಡೆದಳು.

ನಾಟಿಂಗ್‌ಹ್ಯಾಮಿನ ಆ ಸಾಲುಮನೆಗಳಲ್ಲಿ ವೆಲ್ಟಾ ಹದಿನಾಲ್ಕು ವರ್ಷಗಳಿಂದ ಈ ದಂಪತಿಯ ನೆರೆಯಾಕೆ. ಎರಡನೇ ಮಹಾಯುದ್ಧ ಮುಗಿಯುವ ಮೊದಲು ಲಾಟ್ವಿಯಾದಿಂದ ದೋಣಿ ಹತ್ತಿ ಓಡಿಬಂದವಳು, ಕಾಲುಚೀಲದ ಕಾರ್ಖಾನೆಯಲ್ಲಿ ದುಡಿದು ಮುದುಕಿಯಾದವಳು. ಅಲ್ಲಿ ರಷ್ಯನ್ನರ ಆಳ್ವಿಕೆ ಇದ್ದಾಗ, ಕಾಗದ ಬರೆದರೆ ಮನೆಯವರಿಗೆ ಕಷ್ಟವೆಂದು ಬರೆಯಲಿಲ್ಲ. ದೇಶ ಸ್ವತಂತ್ರವಾದ ಮೇಲೂ ಬರೆಯಲಿಲ್ಲ. ಯಾಕೆಂದು ಹೇಳಲೂ ಇಲ್ಲ. ಗಂಡಹೆಂಡಿರು ಬಾಲ್ಟಿಕ್ ದೇಶಗಳ ಪ್ರವಾಸಕ್ಕೆ ಹೊರಟಾಗ ಮಾತ್ರ ಹಳ್ಳಿಯ ಹೆಸರೊಂದನ್ನು ಗೀಚಿಕೊಟ್ಟು, "ನಮ್ಮನೆ ಇದೆಯಾ ನೋಡ್ಕೊಂಡು ಬಾ" ಎಂದಿದ್ದಳು.

ಲಾಟ್ವಿಯಾದ ರಾಜಧಾನಿ ರೀಗಾದ ಹಳೆಯ ಬೀದಿಗಳು, ಕೋಟೆಗಳು ಎಲ್ಲ ನೋಡಿ ಹಳ್ಳಿಗೆ ಹೋದರೆ ಮನೆ ಇರಲಿಲ್ಲ. ಮನೆಯವರ ಗೋರಿಯಾದರೂ ಸಿಕ್ಕೀತೆಂದು ಜೊತೆಗಿದ್ದ ಗೈಡ್ ಇಬ್ಬರನ್ನೂ ಪೈನ್ ಮರಗಳ ನಡುವಿನ ಸ್ಮಶಾನಕ್ಕೆ ಕರೆದೊಯ್ದ. ಅಲ್ಲಿ ಥೇಟು ವೆಲ್ಟಾಳ ಹಣೆ, ಮೂಗಿನ ಮುದುಕಿಯೊಬ್ಬಳು ಗೋರಿಯ ಸುತ್ತ ಮರಳು ಬಾಚುತ್ತಿದ್ದಳು, ತನ್ನ ಹೆಜ್ಜೆಯೂ ಉಳಿಯದ ಹಾಗೆ ಹಿಂದೆ ಹಿಂದೆ ಸರಿಯುತ್ತ. ಅದು ಇಲ್ಲಿಯ ಪದ್ಧತಿ ಎಂದ ಗೈಡ್. ಕಲ್ಲಿನ ಮೇಲಿತ್ತು: ವೆಲ್ಟಾ, 1925–1944.

"ಇವರು ಬದುಕಿದಾರೆ. ನಮ್ಮ ಪಕ್ಕದ ಮನೇಲೇ ಇದಾರೆ," ಎಂದಳು ಅಹಲ್ಯಾ. ಗೈಡ್ ಅದನ್ನು ಲಾಟ್ವಿಯನ್ನಿನಲ್ಲಿ ಹೇಳಿದ.

ಮುದುಕಿ ಮರಳು ಬಾಚುವ ಕೋಲಿಗೆ ಒರಗಿದಳು. "ದೋಣಿ ಮುಳುಗಿತು ಅಂದ್ರು. ಅಮ್ಮ ಅಕ್ಕನ ಲಂಗ ತಂದು ಇಲ್ಲಿ ಹೂತಳು. ಅರವತ್ತು ವರ್ಷ ನೋಡ್ಕೊಂಡಿದೀನಿ. ಇನ್ನು ಇದನ್ನ ಏನು ಮಾಡ್ಲಿ?" ಆಮೇಲೆ ಗೈಡ್‌ನ ಪೆನ್ನು ತೆಗೆದುಕೊಂಡು ಅಹಲ್ಯಾಳ ಅಂಗೈ ಮೇಲೆ ಫೋನ್ ನಂಬರು ಬರೆದಳು.

ಅದನ್ನೆಲ್ಲ ಹೇಳಿ ಮುಗಿಸುವವರೆಗೂ ವೆಲ್ಟಾ ಅಡುಗೆಮನೆಯ ಮೇಜಿನ ಮೇಲಿನ ಆ ಗೋರಿಕಲ್ಲಿನ ಫೋಟೋದಿಂದ ಕಣ್ಣು ಕೀಳಲಿಲ್ಲ. ತನ್ನ ಹೆಸರಿನ ಮೇಲೆ ಒಮ್ಮೆ ಬೆರಳಾಡಿಸಿದಳು.

"ಯಾವ ಲಂಗ? ನೀಲಿದಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ನನಗೆ ಗೊತ್ತಿಲ್ಲ. ನೀವೇ ಕೇಳಿ."

ಅಹಲ್ಯಾ ಚೀಟಿಗೆ ಇಳಿಸಿಕೊಂಡಿದ್ದ ನಂಬರು ಒತ್ತಿ ರಿಸೀವರನ್ನು ಅವಳ ಕಿವಿಗಿಟ್ಟಳು. ಆ ಕಡೆಯಿಂದ ತಂಗಿಯ ದನಿ ಎರಡು ಸಲ "ಹಲೋ" ಎಂದಿತು. ವೆಲ್ಟಾ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇಬ್ಬರೂ ಫೋನ್ ಇಡಲಿಲ್ಲ. ಆ ಕಡೆಯ ಅಂಗಳದಲ್ಲೆಲ್ಲೋ ನಾಯಿಯೊಂದು ಬಿಟ್ಟು ಬಿಟ್ಟು ಬೊಗಳುತ್ತಿರುವುದು ಅಹಲ್ಯಾಳಿಗೂ ಕೇಳಿಸುತ್ತಿತ್ತು.