ಪಗಡೆ ನೇಯ್ದ ಜಮಖಾನ

1987ನೇ ಇಸವಿ ಮಾರ್ಚ್ 11, ಬುಧವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ನನ್ನನ್ನು ಮಗ್ಗದಿಂದ ಕತ್ತರಿಸಿ ಇಳಿಸಿದರು. ಅದೇ ನನ್ನ ಹುಟ್ಟು. ನಾನು ನವಲಗುಂದದ ಒಂದು ಜಮಖಾನ. ಏಳು ಅಡಿ ಚೌಕ, ಕೆಂಪು, ಕಪ್ಪು ಮತ್ತು ಬಿಳಿ ನೂಲು. ನಾಲ್ಕು ಮೂಲೆಗೆ ನಾಲ್ಕು ನವಿಲು, ನಟ್ಟನಡುವೆ ಪಗಡೆಯ ಹಾಸು.

ನನ್ನನ್ನು ನೇಯ್ದವಳು ಮಹಬೂಬಿ. ಗೋಡೆಗೆ ನಿಲ್ಲಿಸಿದ ಮಗ್ಗದ ಮುಂದೆ ಐವತ್ತಮೂರು ದಿನ ಕೂತಿದ್ದಳು. ಒಂದೊಂದು ಎಳೆ ಹಾಕಿದ ಮೇಲೂ ಕಬ್ಬಿಣದ ಹಣಿಗೆಯಿಂದ ಬಡಿದು ಕೂರಿಸುತ್ತಿದ್ದಳು. ಆ ಪೆಟ್ಟು ತಿಂದವರು ಸುಲಭಕ್ಕೆ ಸಡಿಲಾಗುವುದಿಲ್ಲ. ನನ್ನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇರುವುದಕ್ಕೆ ಇದೂ ಒಂದು ಕಾರಣ.

ಆ ವರ್ಷದ ನಾಗರ ಪಂಚಮಿಗೆ ಒಬ್ಬ ಅಣ್ಣ ನನ್ನನ್ನು ಕೊಂಡು, ಸುರುಳಿ ಸುತ್ತಿ, ಗದಗಿನಲ್ಲಿದ್ದ ತಂಗಿಗೆ ಉಡುಗೊರೆ ಕೊಟ್ಟ. ತಂಗಿಯ ಹೆಸರು ಗುರವ್ವ. ಅವಳಿಗೆ ಮೂವರು ಮಕ್ಕಳು. ಹಿರಿಯ ಮಲ್ಲೇಶಪ್ಪ ಜಮೀನು ಅಳೆಯುವ ಸರ್ವೇಯರ್. ಎರಡನೆಯ ಚನ್ನವೀರ ಸಾಲಿ ಮಾಸ್ತರ. ಮಗಳು ನೀಲವ್ವನನ್ನು ಬಾಗಲಕೋಟೆಗೆ ಕೊಟ್ಟಿದ್ದರು. ದೀಪಾವಳಿಗೆ ಎಲ್ಲರೂ ಗದಗಿನ ಮನೆಯಲ್ಲಿ ಸೇರುತ್ತಿದ್ದರು. ಮಳೆಗಾಲ ಮುಗಿದು ಆಕಾಶ ತೊಳೆದಿಟ್ಟ ಹಾಗೆ ಇರುವ ದಿನಗಳು. ಬೆಳಿಗ್ಗೆ ಸಣ್ಣ ಚಳಿ, ಮಧ್ಯಾಹ್ನ ಹದವಾದ ಬಿಸಿಲು.

ಪಾಡ್ಯದ ದಿನ ಉಂಡು ಎದ್ದ ಮೇಲೆ ನನ್ನನ್ನು ಪಡಸಾಲೆಯಲ್ಲಿ ಹಾಸುತ್ತಿದ್ದರು. ನಾಲ್ಕು ಕಡೆ ನಾಲ್ವರು: ಗುರವ್ವ ಮತ್ತು ಅವಳ ಮೂವರು ಮಕ್ಕಳು. ಏಳು ಕವಡೆ, ತಲೆಗೆ ನಾಲ್ಕು ಕಾಯಿ. ಈ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಆಟ ಗೆದ್ದವರು ಆ ವಾರದ ಕೊನೆಗೆ ಇಡೀ ಮನೆ ಎಲ್ಲಿಗೆ ತಿರುಗಾಡಲು ಹೋಗಬೇಕೆಂದು ಹೇಳುತ್ತಿದ್ದರು. ಅದಕ್ಕೆ ಎದುರು ಮಾತು ಇರಲಿಲ್ಲ. ಸೊಸೆಯಂದಿರು ಆಡುತ್ತಿರಲಿಲ್ಲ. ಆಡಬಾರದು ಎಂದು ಯಾರೂ ಹೇಳಿರಲಿಲ್ಲ. ಆ ಹೊತ್ತಿಗೆ ಅವರು ತಿರುಗಾಟದ ಬುತ್ತಿಗೆ ರೊಟ್ಟಿ ಬಡಿಯುತ್ತಿದ್ದರು, ಅಷ್ಟೆ.

ನಾನು ಜನರನ್ನು ಕೆಳಗಿನಿಂದ ನೋಡುವವನು. ಮುಖಕ್ಕಿಂತ ಮೊದಲು ನನಗೆ ಹಿಮ್ಮಡಿ, ಮೊಣಕಾಲು, ಮೈಭಾರ ಗೊತ್ತಾಗುತ್ತವೆ. ಗುರವ್ವ ಕೂತರೆ ನೂಲಿಗೇ ಗೊತ್ತಾಗುತ್ತಿರಲಿಲ್ಲ. ನೀಲವ್ವ ಸೋಲುವಾಗ ಕಾಲ ಹೆಬ್ಬೆರಳಿನಿಂದ ನನ್ನ ಅಂಚು ಕೆದರುತ್ತಿದ್ದಳು. ಮಲ್ಲೇಶಪ್ಪ ಯಾವಾಗಲೂ ಕಂಬದ ಕಡೆಯೇ ಕೂರುತ್ತಿದ್ದ. ಬೆನ್ನಿಗೆ ಆಸರೆ ಬೇಕು ಎನ್ನುತ್ತಿದ್ದ.

ಮತ್ತು ಮಲ್ಲೇಶಪ್ಪ ಗೆಲ್ಲುತ್ತಿದ್ದ. ಮೊದಲ ಇಪ್ಪತ್ತೆಂಟು ವರ್ಷಗಳ ಇಪ್ಪತ್ತೆಂಟು ಆಟಗಳಲ್ಲಿ ಹದಿನೇಳನ್ನು ಅವನೇ ಗೆದ್ದ. ನಾಲ್ವರ ಆಟದಲ್ಲಿ ಒಬ್ಬನ ಪಾಲಿಗೆ ಏಳು ಬಂದರೆ ಅದು ನ್ಯಾಯವಾದ ಲೆಕ್ಕ. ಗೆದ್ದಾಗಲೆಲ್ಲ ಅವನು ಹೇಳುತ್ತಿದ್ದ ಊರು ಒಂದೇ, ನವಿಲುತೀರ್ಥದ ಡ್ಯಾಮ್. ಅಲ್ಲಿನ ಬಂಗಲೆ ನೋಡಿಕೊಳ್ಳುವ ಮೇಟಿ ಅವನ ಪರಿಚಯದವನು, ನೆರಳಿದೆ, ಸಂಜೆಯೊಳಗೆ ಮನೆ ಸೇರಬಹುದು. ಹದಿನೇಳು ಸಲ ನಾನು ಅದೇ ಬೇವಿನ ಮರದ ಕೆಳಗೆ ಹಾಸಿಕೊಂಡಿದ್ದೇನೆ.

ಈಗ ಶಿವಲೀಲಾಳ ವಿಷಯ. ಅವಳು ಚನ್ನವೀರನ ಹೆಂಡತಿ. 1992ರ ಮೇ ತಿಂಗಳಲ್ಲಿ ಈ ಮನೆಗೆ ಬಂದಳು. ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು, ಪ್ರಾಣಿಶಾಸ್ತ್ರ. ಮದುವೆಯಾದ ಹದಿನೆಂಟನೆಯ ದಿನ ಪರೀಕ್ಷೆ ಬರೆದು ಪಾಸಾದಳು. ಆದರೆ ಮದುವೆಗೆ ಮೊದಲು, ಅದೇ ವರ್ಷದ ಫೆಬ್ರವರಿಯಲ್ಲಿ ಅವಳ ತರಗತಿ ಕಾರವಾರಕ್ಕೆ ಹೋಗಿತ್ತು, ನೀರು ಇಳಿದಾಗ ಬಂಡೆಗಳ ನಡುವೆ ಉಳಿಯುವ ಜೀವಿಗಳನ್ನು ನೋಡಲು. ನಿಶ್ಚಯವಾದ ಹುಡುಗಿ ಊರು ತಿರುಗಬಾರದೆಂದು ತವರಿನವರು ಅವಳನ್ನು ಕಳುಹಿಸಲಿಲ್ಲ. ರೆಕಾರ್ಡ್ ಪುಸ್ತಕದಲ್ಲಿ ಅವಳು ಸೀ ಅನೆಮೊನಿ ಎಂಬ ಸಮುದ್ರಜೀವಿಯ ಚಿತ್ರ ಬರೆದದ್ದು ಬಾಟಲಿಯಲ್ಲಿದ್ದ ಸತ್ತ ಪ್ರಾಣಿಯನ್ನು ನೋಡಿ. ಆ ಪುಸ್ತಕವನ್ನು ಒಮ್ಮೆ ನನ್ನ ಮೇಲೆ ಬಿಡಿಸಿಟ್ಟು ನೀಲವ್ವನಿಗೆ ತೋರಿಸುತ್ತ, ಇದು ಬದುಕಿದ್ದಾಗ ಸೇವಂತಿಗೆಯ ಹಾಗೆ ಅರಳಿರುತ್ತದಂತೆ, ಮುಟ್ಟಿದರೆ ಮುಚ್ಚಿಕೊಳ್ಳುತ್ತದಂತೆ ಎಂದಿದ್ದಳು. ಅವಳ ಮಾತಿನಲ್ಲಿದ್ದ ಆ ‘ಅಂತೆ’ ನನ್ನ ನೂಲಿನಲ್ಲಿ ಉಳಿದುಬಿಟ್ಟಿತು.

2003ರ ಹಬ್ಬದಲ್ಲಿ ಅವಳು ಬಾಯಿಬಿಟ್ಟು ಕಾರವಾರದ ಮಾತು ತೆಗೆದಳು. ಮಲ್ಲೇಶಪ್ಪ ಕವಡೆ ಕುಲುಕುತ್ತಲೇ ಹೇಳಿದ:

“ಸಮುದ್ರದಾಗ ಏನೈತಿ? ನೀರ. ಡ್ಯಾಮಿನ್ಯಾಗೂ ನೀರ ಐತಿ. ಅದೂ ಸಿಹಿ ನೀರ.”

ಎಲ್ಲರೂ ನಕ್ಕರು. ಶಿವಲೀಲಾಳೂ ನಕ್ಕಳು. ಮತ್ತೆ ಕೇಳಲಿಲ್ಲ. ನೀವೊಬ್ಬರೇ ಹೋಗಿ ಬನ್ನಿ ಎಂದು ನೀಲವ್ವ ಹೇಳಿದ್ದುಂಟು. ಶಿವಲೀಲಾ ಹೋಗಲಿಲ್ಲ. ನನ್ನನ್ನು ಹಾಸಿ ಎಲ್ಲರನ್ನೂ ಕೂರಿಸಿ ತಾನು ಮಾತ್ರ ಎದ್ದುಹೋಗುವುದು ಅವಳಿಗೆ ಬರುತ್ತಿರಲಿಲ್ಲ.

2015ರ ಹೊತ್ತಿಗೆ ಒಂದು ಬದಲಾವಣೆ ನನಗೆ ತಿಳಿಯತೊಡಗಿತು. ಅವಳು ಈಗ ಚಕ್ಕಳಮಕ್ಕಳ ಹಾಕಿ ಕೂರುತ್ತಿರಲಿಲ್ಲ, ಬಲಗಾಲು ಮುಂದೆ ಚಾಚಿ ಕೂರುತ್ತಿದ್ದಳು. ಏಳುವಾಗ ಅಂಗೈಯನ್ನು ನನ್ನ ಮೇಲೆ ಊರಿ ಒತ್ತುತ್ತಿದ್ದಳು. ಮೊಣಕಾಲು ಸವೆದಿದೆ, ಇನ್ನು ಎರಡು ವರ್ಷಕ್ಕೆ ಆಪರೇಷನ್ ಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಹಸಿ ಬಂಡೆಯ ಮೇಲೆ ನಡೆಯುವುದಕ್ಕೆ ಅವಳಿಗೆ ಉಳಿದಿದ್ದದ್ದು ಅಷ್ಟೇ ಕಾಲ.

ಆ ವರ್ಷ ನವೆಂಬರ್ 9, ಸೋಮವಾರ, ನೀರು ತುಂಬುವ ಹಬ್ಬ. ಹಂಡೆ ತಿಕ್ಕಿ ನೀರು ತುಂಬಿದ ಮೇಲೆ ಶಿವಲೀಲಾ ನನ್ನನ್ನು ಒಗೆದು ಮಾಳಿಗೆಯ ಕಟ್ಟೆಯ ಮೇಲೆ ಹರವಿದಳು. ಸುಕ್ಕು ತೆಗೆಯುತ್ತ ಸುಮ್ಮನೆ ಮನೆಗಳನ್ನು ಎಣಿಸಿದಳು. ಪಗಡೆಯ ಒಂದು ತೋಳಿಗೆ ಮೂರು ಸಾಲು, ಸಾಲಿಗೆ ಎಂಟು ಮನೆ, ಒಟ್ಟು ಇಪ್ಪತ್ತನಾಲ್ಕು. ಮೊದಲ ತೋಳು ಇಪ್ಪತ್ತನಾಲ್ಕು. ಎರಡನೆಯದು, ಮೂರನೆಯದು ಅಷ್ಟೇ. ನಾಲ್ಕನೆಯದು ಇಪ್ಪತ್ತೊಂದು. ಮತ್ತೊಮ್ಮೆ ಎಣಿಸಿದಳು. ಇಪ್ಪತ್ತೊಂದೇ.

ಹೌದು. ಕೊನೆಯ ತೋಳು ನೇಯುವಾಗ ಮಹಬೂಬಿಯ ಹತ್ತಿರ ಕೆಂಪು ನೂಲು ಸಾಲದೆ ಬಂತು. ಸಾಲಿಗೆ ಏಳೇ ಮನೆ ನೇಯ್ದು, ಉಳಿದ ಜಾಗಕ್ಕೆ ಕಪ್ಪು ಪಟ್ಟಿಯನ್ನು ಅಗಲ ಮಾಡಿದಳು. ಎಷ್ಟು ಚೆನ್ನಾಗಿ ಹೊಂದಿಸಿದ್ದಳೆಂದರೆ ಕಣ್ಣಿಗೆ ನಾಲ್ಕೂ ತೋಳು ಒಂದೇ. ಆದರೆ ಕಾಯಿ ತನ್ನ ಸ್ವಂತ ತೋಳಿನ ಮೇಲೆ ನಾಲ್ಕು ಸಲ ಓಡಾಡಬೇಕು, ಇತರರ ತೋಳಿನ ಮೇಲೆ ಎರಡೇ ಸಲ. ಹಾಗಾಗಿ ಆ ಗಿಡ್ಡ ತೋಳಿನವನಿಗೆ ಇತರರಿಗಿಂತ ಪ್ರತಿ ಕಾಯಿಗೆ ಎರಡು ಮನೆ ಉಳಿತಾಯ, ನಾಲ್ಕು ಕಾಯಿಗೆ ಎಂಟು. ಅದು ಕಂಬದ ಕಡೆಯ ತೋಳು. ಆ ತೋಳಿನ ಕಡೆಯ ನನ್ನ ಅಂಚಿನಲ್ಲಿ ಹಳೆಯ ಎಣ್ಣೆಯ ಕಲೆ ಇತ್ತು. ಅದನ್ನು ಕಂಬದ ಕಡೆ ಮರೆಮಾಡಿ ಹಾಸುವುದು ಮೊದಲಿನಿಂದ ಬಂದ ರೂಢಿ.

ಶಿವಲೀಲಾ ಬಹಳ ಹೊತ್ತು ಕಟ್ಟೆಯ ಹತ್ತಿರವೇ ನಿಂತಿದ್ದಳು. ಒಣಗಿದ ಮೇಲೆ ನನ್ನನ್ನು ಸುರುಳಿ ಸುತ್ತಿ ಒಳಗಿಟ್ಟಳು.

ಗುರವ್ವನಿಗೆ ಆಗ ಕಣ್ಣಿನ ಪೊರೆ ತೆಗೆಸಿ ಹದಿನೈದು ದಿನವಾಗಿತ್ತು. ಬಗ್ಗಬಾರದು ಎಂದಿದ್ದರು. ಪಾಡ್ಯದ ಮಧ್ಯಾಹ್ನ ಕಪ್ಪು ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕೂತು, ಅಡುಗೆಮನೆಯ ಕಡೆ ಮುಖ ಮಾಡಿ ಕರೆದಳು:

“ಶಿವಲೀಲಾ, ರೊಟ್ಟಿ ಸಾಕು ಬಾ. ನನ್ನ ಕೈ ನೀನ ಆಡು. ಗೆದ್ದರ ಊರೂ ನೀನ ಹೇಳು.”

“ಅತ್ತಿ, ನನಗ ಆಟ ಬರೂದಿಲ್ಲ.”

“ಇಪ್ಪತ್ತಮೂರು ವರ್ಷ ನೋಡೀದಿ. ನೋಡಿದ್ದ ಬರ್ತೈತಿ.”

ಅವಳು ಸೆರಗಿಗೆ ಹಿಟ್ಟಿನ ಕೈ ಒರೆಸಿ, ನನ್ನ ಸುರುಳಿ ಎತ್ತಿಕೊಂಡಳು. ಹಾಸುವ ಕೆಲಸ ಮೊದಲಿನಿಂದಲೂ ಅವಳದೇ. ಕಲೆಯ ಅಂಚು ಅವಳ ಕೈಯಲ್ಲಿತ್ತು. ಒಂದು ಕ್ಷಣ ತಡೆದಳು. ಆಮೇಲೆ ನನ್ನನ್ನು ಅರ್ಧ ಸುತ್ತು ತಿರುಗಿಸಿ ಹಾಸಿದಳು. ಕಲೆಯೂ ಗಿಡ್ಡ ತೋಳೂ ಕಂಬದ ಎದುರಿಗೆ, ಗುರವ್ವನ ಕುರ್ಚಿಯ ಕಡೆಗೆ ಬಂದವು. ಕಲೆಯ ಮೇಲೆ ಅವಳು ತನ್ನ ಬಲಗಾಲು ಚಾಚಿ ಕೂತಳು.

ಆಟ ಶುರುವಾಗಿ ಹತ್ತು ನಿಮಿಷಕ್ಕೆ ಮಲ್ಲೇಶಪ್ಪನ ಬೆರಳು ನಿಂತಿತು. ತನ್ನ ಮುಂದಿನ ಸಾಲನ್ನು ತೋರುಬೆರಳಿನಿಂದ ಮೆಲ್ಲಗೆ ಎಣಿಸಿದ: ಎಂಟು. ಪಕ್ಕದ ಸಾಲು ಎಣಿಸಿದ: ಎಂಟು. ತಲೆ ಎತ್ತಿ ಶಿವಲೀಲಾಳನ್ನು ನೋಡಿದ. ಅವಳು ಕವಡೆ ನೋಡುತ್ತಿದ್ದಳು. ಅವನ ಹಿಮ್ಮಡಿ ನನ್ನ ಮೇಲೆ ಗಟ್ಟಿಯಾಗಿ ಊರಿತು. ಆಗ ನನಗೆ ಅರ್ಥವಾಯಿತು. ಊರಿನ ಜಮೀನನ್ನೆಲ್ಲ ಅಂಗುಲ ತಪ್ಪದೆ ಅಳೆದವನಿಗೆ ತಾನು ಕೂತ ಸಾಲು ಗೊತ್ತಿರಲಿಲ್ಲವೇ? ಕಂಬ ಬೇಕಾಗಿದ್ದದ್ದು ಬೆನ್ನಿಗಲ್ಲ. ಈಗ ಅವನು ಬಾಯಿಬಿಡುವ ಹಾಗಿರಲಿಲ್ಲ. ಬಿಟ್ಟರೆ ಹದಿನೇಳು ಗೆಲುವಿಗೂ ಉತ್ತರ ಹೇಳಬೇಕಿತ್ತು.

ನೀಲವ್ವ, “ಯಾಕಣ್ಣಾ, ಇವತ್ತು ಕವಡಿ ನಿನ್ನ ಮಾತು ಕೇಳವಲ್ಲವು?” ಎಂದು ಕೆಣಕಿದಳು. ಮಲ್ಲೇಶಪ್ಪ ಕವಡೆ ಕುಲುಕಿ ಬಿಟ್ಟ. ಮನಸ್ಸಿಟ್ಟೇ ಆಡಿದ. ಶಿವಲೀಲಾಳ ಎರಡು ಕಾಯಿ ಕಡಿದ. ಅವಳು ಮತ್ತೆ ಹೊರಡಿಸಿದಳು. ಐದು ಗಂಟೆ ಹೊಡೆಯುವಾಗ ಅವಳ ನಾಲ್ಕನೆಯ ಕಾಯಿ ಸುತ್ತು ಮುಗಿಸಿ ಹಣ್ಣಾಯಿತು. ಮಲ್ಲೇಶಪ್ಪನ ಕೊನೆಯ ಕಾಯಿ ಹಣ್ಣಾಗಲು ಇನ್ನೂ ಐದು ಮನೆ ಬೇಕಿತ್ತು. ಐದು, ಗಿಡ್ಡ ತೋಳು ಉಳಿಸಿಕೊಟ್ಟ ಎಂಟಕ್ಕಿಂತ ಕಡಿಮೆ. ನಾನು ಇದನ್ನು ಮುಚ್ಚಿಡುವುದಿಲ್ಲ.

“ಹೇಳು, ಎಲ್ಲಿಗೆ?” ಎಂದಳು ಗುರವ್ವ.

“ಕಾರವಾರ. ಅಮಾಸಿ ಆಗಿ ಎರಡು ಮೂರು ದಿನ ಸಮುದ್ರ ಭಾಳ ಹಿಂದಕ್ಕ ಸರೀತೈತಿ. ಶನಿವಾರ ಮುಂಜಾನೆ ಏಳಕ್ಕ ಹತ್ತು ನಿಮಿಷ ಇರೂದರಾಗ ನಾವು ಬಂಡೆಗಲ್ಲಿನ ಮ್ಯಾಲೆ ಇರಬೇಕು.”

ಆ ಹೊತ್ತನ್ನು ಅವಳು ಯಾವತ್ತೋ ನೋಡಿಟ್ಟುಕೊಂಡಿದ್ದಳು. ಎಲ್ಲರೂ ಮಲ್ಲೇಶಪ್ಪನ ಮುಖ ನೋಡಿದರು. ಅವನು ಕವಡೆಗಳನ್ನು ಚೀಲಕ್ಕೆ ತುಂಬಿ, ಬಾಡಿಗೆ ಕ್ರೂಸರ್ ಗಾಡಿಯವನಿಗೆ ಫೋನ್ ಮಾಡಲು ಎದ್ದ.

ಶುಕ್ರವಾರ ಹೊರಟು ಕಾರವಾರದಲ್ಲಿ ಉಳಿದೆವು. ಶನಿವಾರ ಬೆಳಕು ಹರಿಯುವಾಗ ಬಂಡೆಗಳ ಪಕ್ಕದ ಒಣ ಮರಳಿನಲ್ಲಿ ನನ್ನನ್ನು ಹಾಸಿ ಗುರವ್ವನನ್ನು ಕೂರಿಸಿದರು. ನೀರು ನಿಜವಾಗಿ ದೂರ ಹೋಗಿತ್ತು. ರಾತ್ರಿ ಮುಳುಗಿದ್ದ ಬಂಡೆಗಳು ಪಾಚಿ ಹೊದ್ದು ಹೊರಗೆ ನಿಂತಿದ್ದವು. ನೀಲವ್ವ ಮತ್ತು ಚನ್ನವೀರ ಚಹಾ ಹುಡುಕಿಕೊಂಡು ಹೋದರು. ಶಿವಲೀಲಾ ಸೀರೆ ಎತ್ತಿಕಟ್ಟಿ ಒಂದೊಂದೇ ಹೆಜ್ಜೆ ಇಟ್ಟಳು. ಅಂಚಿನ ಬಂಡೆಯಲ್ಲೇ ಅವಳ ಮೊಣಕಾಲು ಸೋತಿತು. ಆಗ ಮಲ್ಲೇಶಪ್ಪ ಚಪ್ಪಲಿಗಳನ್ನು ನನ್ನ ಮೇಲೆ ಬಿಟ್ಟು, ಬಂಡೆ ಹತ್ತಿ, ಮುಂದೋಳು ಚಾಚಿದ. ಅವಳು ಹಿಡಿದುಕೊಂಡಳು.

“ಯಾವಾಗ ಗೊತ್ತಾತು ನಿನಗ?” ಎಂದು ಅವನು ಕೇಳಿದ.

“ಸೋಮವಾರ, ಭಾವಾರ. ನಿಮಗ?”

ಮುಂದಿನ ಬಂಡೆ ಜಾರುತ್ತದೋ ಎಂದು ಅವನು ಕಾಲಿನಿಂದ ಒತ್ತಿ ನೋಡಿದ.

“ತೊಂಬತ್ತೊಂದರಾಗ.”

ಅವಳು ನೀರು ನಿಂತ ಒಂದು ಕುಳಿಯ ಹತ್ತಿರ ಅವನ ತೋಳಿನ ಆಸರೆಯಲ್ಲೇ ಬಗ್ಗಿ ಕೂತು, ಒಳಗೆ ಸೇವಂತಿಗೆಯ ಹಾಗೆ ಅರಳಿದ್ದುದರ ಮೇಲೆ ಬೆರಳು ಇಟ್ಟಳು. “ಹಿಡಕೊಂತು,” ಎಂದಳು, ಬಹಳ ಸಣ್ಣ ದನಿಯಲ್ಲಿ. “ಭಾವಾರ, ಇದು ನನ್ನ ಬೆರಳು ಹಿಡಕೊಂತು.” ಮಲ್ಲೇಶಪ್ಪ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಗುರವ್ವ ಇಲ್ಲಿಂದಲೇ, ಏನದು ಎಂದು ಕೂಗಿ ಕೇಳಿದಳು. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ನೀರು ತಿರುಗಿ ಏರಿ ಕುಳಿಯ ಅಂಚು ಮುಟ್ಟುವವರೆಗೂ ಅಲ್ಲೇ ಇದ್ದರು.

ಮುಂದಿನ ದೀಪಾವಳಿಗೆ ಮಲ್ಲೇಶಪ್ಪ ಹೊಸ ಕಟ್ಟಳೆ ತಂದ. ಜಮಖಾನವನ್ನು ಒಂದೇ ಕಡೆ ಹಾಸಿದರೆ ಒಂದೇ ಕಡೆ ಸವೆಯುತ್ತದೆ, ವರ್ಷಕ್ಕೆ ಕಾಲು ಸುತ್ತು ತಿರುಗಿಸಿ ಹಾಸಬೇಕು ಎಂದ. ಸವೆತದ ಬಗ್ಗೆ ಅವನಿಗೆ ಇಷ್ಟು ಕಾಳಜಿ ಯಾವಾಗಿನಿಂದ ಎಂದು ನೀಲವ್ವ ಕೇಳಿದಳು. ಅವನು ಕಲೆಯನ್ನು ಅವಳ ಕಡೆಗೆ ತಿರುಗಿಸಿ ಹಾಸಿದ. ಆ ವರ್ಷ ನೀಲವ್ವ ಗೆದ್ದು ನಾವು ಬಾದಾಮಿಗೆ ಹೋದೆವು. ಬುತ್ತಿಯ ರೊಟ್ಟಿ ಮುಂದೆ ಖಾನಾವಳಿಯಿಂದ ಬರತೊಡಗಿತು, ಸೊಸೆಯಂದಿರು ಜೋಡಿ ಕಟ್ಟಿ ಆಡತೊಡಗಿದರು.

ಗುರವ್ವ 2019ರಲ್ಲಿ ತೀರಿಕೊಂಡಳು. ಅವಳ ಕೈ ಈಗ ಶಿವಲೀಲಾಳದು. ಮೊಣಕಾಲಿನ ಆಪರೇಷನ್ ಆಗಿದೆ. ಅವಳೂ ಮಲ್ಲೇಶಪ್ಪನೂ ಕುರ್ಚಿಯಲ್ಲಿ ಕೂತು, ಕಾಯಿ ನಡೆಸುವ ಕೆಲಸ ಮೊಮ್ಮಕ್ಕಳಿಗೆ ಬಿಡುತ್ತಾರೆ. ವರ್ಷದ ಮುನ್ನೂರ ಅರವತ್ತು ದಿನ ನಾನು ಟ್ರಂಕಿನ ಮೇಲೆ ಮಡಿಚಿಕೊಂಡಿರುತ್ತೇನೆ. ಕೆಂಪು ಮಸುಕಾಗಿದೆ, ಒಂದು ನವಿಲಿನ ಕುತ್ತಿಗೆ ಬಿಚ್ಚಿಕೊಂಡಿದೆ. ನನ್ನ ನಾಲ್ಕೂ ತೋಳು ಸರಿಸಮ ಇದ್ದಿದ್ದರೆ ಈ ಮನೆಯವರು ಒಬ್ಬರನ್ನೊಬ್ಬರು ಇಷ್ಟು ತಿಳಿಯುತ್ತಿದ್ದರೋ ಇಲ್ಲವೋ. ತಿಳಿಯುತ್ತಿರಲಿಲ್ಲ ಎಂದೇ ನನ್ನ ಎಣಿಕೆ.

ಈ ಸಲದ ಹಬ್ಬಕ್ಕೆ ನನ್ನನ್ನು ಮಾಳಿಗೆಯ ಮೇಲೆ ಕೊಡವಿದರು. ಎಷ್ಟು ಸಲ ಒಗೆದರೂ ಕಾರವಾರದ ಮರಳು ನೂಲಿನ ಸಂದಿಯಿಂದ ಇನ್ನೂ ಬೀಳುತ್ತದೆ. ಶಿವಲೀಲಾ ಅದನ್ನು ಕಾಗದದ ಮೇಲೆ ಕೂಡಿಸಿ, ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ತೂಗಿದಳು. ನಾಲ್ಕು ಗ್ರಾಂ.